ಮಣ್ಣಿನ ಹದ, ರೋಲರಿನ ಭಾರ

(ಎಂಜಿನಿಯರುಗಳ ದಿನದ ಸಂದರ್ಭದಲ್ಲಿ ಡಿಪ್ಲೊಮಾ ವಿದ್ಯಾರ್ಥಿಗಳು, ಮೇಸ್ತ್ರಿಗಳು ಮತ್ತು ಸ್ವಂತ ಮನೆ ಕಟ್ಟಿಸುತ್ತಿರುವ ಕೆಲವರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ.)

ಎಲ್ಲರಿಗೂ ನಮಸ್ಕಾರ.

ಸುಗ್ಗಿಗೆ ಮುಂಚೆ ಅಜ್ಜ ಕಣ ಮಾಡುವುದನ್ನು ನೋಡುತ್ತ ಬೆಳೆದವನು ನಾನು. ಹೊಲದ ಒಂದು ಮೂಲೆಯಲ್ಲಿ ಹುಲ್ಲು ಕೆತ್ತಿ, ನೆಲ ಕೆದರಿ, ಕೊಡಗಟ್ಟಲೆ ನೀರು ಚಿಮುಕಿಸುತ್ತಿದ್ದರು. ನೀರು ಹಾಕಿದ ಕೂಡಲೇ ಕಲ್ಲುಗುಂಡು ಉರುಳಿಸುತ್ತಿರಲಿಲ್ಲ. ರಾತ್ರಿಯೆಲ್ಲ ಹಾಗೇ ಬಿಟ್ಟು, ಬೆಳಿಗ್ಗೆ ಒಂದು ಹಿಡಿ ಮಣ್ಣೆತ್ತಿ ಮುಷ್ಟಿಯಲ್ಲಿ ಹಿಸುಕಿ ನೋಡುವರು. ಅಂಗೈಗೆ ಮಣ್ಣು ಮೆತ್ತಿಕೊಂಡರೆ "ಇನ್ನೂ ಹಸಿ ಐತಿ, ಬಿಸಿಲು ಏರಲಿ" ಎನ್ನುವರು. ಉಂಡೆ ನಿಲ್ಲದೆ ಉದುರಿದರೆ ಇನ್ನೆರಡು ಕೊಡ ನೀರು. ಉಂಡೆ ಗಟ್ಟಿಯಾಗಿ ನಿಂತು ಅಂಗೈ ಹೆಚ್ಚು ಕೊಳೆಯಾಗದಿದ್ದರೆ "ಹದ ಬಂತು" ಎಂದು ಎತ್ತು ಹೂಡುವರು. ಆಮೇಲೆ ಗುಂಡು ಉರುಳಿಸಿ, ಸಗಣಿ ಸಾರಿಸಿದ ಆ ಕಣದ ಮೇಲೆ ವಾರಗಟ್ಟಲೆ ಜೋಳ ತುಳಿಸಿದರೂ ಒಂದು ಹೆಂಟೆ ಏಳುತ್ತಿರಲಿಲ್ಲ.

ಮಣ್ಣು ಪರೀಕ್ಷೆಯ ಲ್ಯಾಬ್ ಸೇರಿದ ಮೇಲೆ ನನ್ನ ಕೈಗೆ ಕೊಟ್ಟ ಮೊದಲ ಕೆಲಸ ಪ್ರಾಕ್ಟರ್ ಟೆಸ್ಟ್, ಅಂದರೆ ಎಷ್ಟು ನೀರಿಗೆ ಮಣ್ಣು ಎಷ್ಟು ಗಟ್ಟಿಯಾಗಿ ಕೂರುತ್ತದೆ ಎಂದು ಗುದ್ದಿ ನೋಡುವ ಪರೀಕ್ಷೆ. ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ತೇವಾಂಶ, ಉದ್ದಕ್ಕೆ ಸಾಂದ್ರತೆ ಹಿಡಿದು ಐದು ಚುಕ್ಕಿ ಇಟ್ಟು ಗೆರೆ ಎಳೆದೆ. ಗೆರೆ ಗುಡ್ಡದ ಹಾಗೆ ಏರಿ, ಮತ್ತೆ ಇಳಿಯಿತು. ಆ ಗುಡ್ಡದ ನೆತ್ತಿಯಿಂದ ನೇರ ಕೆಳಕ್ಕೆ ಬಂದರೆ ಸಿಗುವ ತೇವಾಂಶಕ್ಕೆ ಪುಸ್ತಕದಲ್ಲಿ ಆಪ್ಟಿಮಮ್ ಮಾಯಿಶ್ಚರ್ ಕಂಟೆಂಟ್ ಎಂದು ಹೆಸರು, ಸೈಟಿನಲ್ಲಿ ಎಲ್ಲರ ಬಾಯಲ್ಲಿ ಓಎಂಸಿ. ನನಗೆ ಅದು ಅಜ್ಜನ ಹದವೇ ಆಗಿತ್ತು. ಇವತ್ತಿನ ಮಾತಿನಲ್ಲಿ ನಾನು ಹದ ಎಂದೇ ಹೇಳುತ್ತೇನೆ.

30 ವರ್ಷ ರಸ್ತೆ, ಕೆರೆ ಏರಿ, ಕಾಲುವೆ ದಂಡೆ, ಮನೆ ಪಾಯದ ಮಣ್ಣನ್ನು ಅಗೆದು ತೂಗಿದವನಾಗಿ ನಾನು ನಿಮಗೆ ಒಂದು ವಿಷಯ ಮನವರಿಕೆ ಮಾಡಬೇಕು. ಮಣ್ಣು ಕುಸಿದ ಕಡೆಯೆಲ್ಲ ಜನ ಮೊದಲು ಕೇಳುವುದು "ಎಷ್ಟು ಟನ್ ರೋಲರ್ ಓಡಿಸಿದ್ದರು?" ಎಂದು. ನಾನು ಹೋಗಿ ನೋಡಿದ ಜಾಗಗಳಲ್ಲಿ ರೋಲರ್ ಹಗುರವಾದದ್ದರಿಂದ ಕೆಟ್ಟ ಕೆಲಸ ತೀರಾ ಕಡಿಮೆ. ನೀರಿನ ಟ್ಯಾಂಕರ್ ಬಾರದೆ ಕೆಟ್ಟದ್ದು, ಪದರ ದಪ್ಪವಾಗಿ ಕೆಟ್ಟದ್ದು, ಟೆಸ್ಟ್ ಮಾಡುವವನನ್ನು ಎಲ್ಲ ಮುಗಿದ ಮೇಲೆ ಕರೆದು ಕೆಟ್ಟದ್ದೇ ಹೆಚ್ಚು.

ಮಣ್ಣು ದಮ್ಮಸು ಮಾಡುವುದು ಎಂದರೆ ಏನು ಎಂಬುದನ್ನು ಮೊದಲು ನೋಡೋಣ. ಒಂದು ಬುಟ್ಟಿ ಮಣ್ಣಿನಲ್ಲಿ ಮೂರು ಪದಾರ್ಥ ಇವೆ: ಕಣಗಳು, ನೀರು, ಗಾಳಿ. ರೋಲರ್ ಹೊರಹಾಕುವುದು ಗಾಳಿಯನ್ನು ಮಾತ್ರ. ನೀರು ಹಿಂಡಿ ಹೊರಬರುವುದು ಬೇರೆಯೇ ವಿದ್ಯಮಾನ. ಜೇಡಿಮಣ್ಣಿನ ಮೇಲೆ ಕಟ್ಟಡದ ಭಾರ ಬಿದ್ದು, ತಿಂಗಳು ವರ್ಷಗಳ ಮೇಲೆ ನೀರು ಜಿನುಗಿ ನೆಲ ನಿಧಾನ ಇಳಿಯುವುದಕ್ಕೆ ಕನ್ಸಾಲಿಡೇಶನ್ ಎನ್ನುತ್ತಾರೆ. ಇವೆರಡನ್ನೂ ಕಲಸಿ ಮಾತಾಡುವುದರಿಂದಲೇ "ಬಿಡಿ, ಒಂದು ಮಳೆಗಾಲ ಕಳೆದರೆ ತಾನೇ ಕೂರುತ್ತದೆ" ಎಂಬ ಮಾತು ಹುಟ್ಟಿದೆ. ಸಡಿಲ ಮಣ್ಣು ಮಳೆಗೆ ಕೂರುವುದು ನಿಜ. ಆದರೆ ಅದು ನೀವು ಹೇಳಿದಷ್ಟು, ಹೇಳಿದ ಜಾಗದಲ್ಲಿ, ಸಮವಾಗಿ ಕೂರುವುದಿಲ್ಲ. ಮೇಲೆ ಡಾಂಬರೋ ಟೈಲ್ಸೋ ಹಾಕಿದ ಮೇಲೆ ಕೂರುತ್ತದೆ.

ಗಾಳಿ ಹೊರಗೆ ಹೋಗಲು ನೀರು ಯಾಕೆ ಬೇಕು? ಒಣಮಣ್ಣಿನ ಕಣಗಳು ಒಂದರ ಮೇಲೊಂದು ಗರಗರ ಉಜ್ಜುತ್ತವೆ, ಸರಿಯಲು ಒಪ್ಪುವುದಿಲ್ಲ. ಹೆಂಟೆಯೊಳಗಿನ ಅಲ್ಪಸ್ವಲ್ಪ ತೇವ ಕಣಗಳನ್ನು ಒಳಕ್ಕೆ ಎಳೆದು ಹಿಡಿದಿರುತ್ತದೆ, ಒಣಗಿದಷ್ಟೂ ಆ ಹಿಡಿತ ಬಲವಾಗುತ್ತದೆ. ಅದಕ್ಕೇ ಒಣ ಹೆಂಟೆ ಒಡೆಯುವುದು ಅಷ್ಟು ಕಷ್ಟ. ನೀರು ಸೇರಿಸುತ್ತ ಹೋದಂತೆ ಹೆಂಟೆ ಮೆತ್ತಗಾಗಿ, ಕಣಗಳು ಜಾರಿ, ಒತ್ತೊತ್ತಾಗಿ ಕೂರುತ್ತವೆ. ಒಂದು ಹಂತದವರೆಗೆ ಮಾತ್ರ. ಅದನ್ನು ದಾಟಿದರೆ ಕಣ ಕೂರಬೇಕಾದ ಜಾಗವನ್ನು ನೀರೇ ಹಿಡಿದುಕೊಂಡಿರುತ್ತದೆ. ನೀರನ್ನು ಒತ್ತಿ ಕುಗ್ಗಿಸಲು ಯಾವ ರೋಲರಿಗೂ ಆಗದು. ಮಣ್ಣು ರೋಲರಿನ ಕೆಳಗೆ ರಬ್ಬರಿನ ಹಾಗೆ ತಗ್ಗಿ, ಚಕ್ರ ಮುಂದೆ ಹೋದ ಕೂಡಲೇ ಮತ್ತೆ ಏಳುತ್ತದೆ. ಇದನ್ನು ನೋಡಿದಾಗ ಡ್ರೈವರನಿಗೆ "ನಿಲ್ಲಿಸಪ್ಪ" ಎನ್ನಬೇಕು. ಇನ್ನೂ ಹತ್ತು ಸಲ ಓಡಿಸಿದರೆ ಡೀಸೆಲ್ ಸುಡುತ್ತದೆಯೇ ವಿನಾ ಮಣ್ಣು ಕೂರುವುದಿಲ್ಲ. ಕೆದರಿ, ಬಿಸಿಲಿಗೆ ಬಿಟ್ಟು, ಮತ್ತೆ ಹದಕ್ಕೆ ತರುವುದೊಂದೇ ದಾರಿ.

ಈ ಏರಿಳಿಯುವ ಗೆರೆಯನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿಕೊಟ್ಟವರು ರಾಲ್ಫ್ ಪ್ರಾಕ್ಟರ್. ಅಮೆರಿಕದ ಲಾಸ್ ಏಂಜಲಿಸ್ ನಗರದ ನೀರು ಸರಬರಾಜು ವಿಭಾಗದ ಎಂಜಿನಿಯರ್. ಮಣ್ಣಿನ ಅಣೆಕಟ್ಟು ಕಟ್ಟುವ ಕೆಲಸದಿಂದ ಕಲಿತದ್ದನ್ನು 1933ರಲ್ಲಿ ಒಂದು ಎಂಜಿನಿಯರಿಂಗ್ ಪತ್ರಿಕೆಯಲ್ಲಿ ಸರಣಿ ಲೇಖನಗಳಾಗಿ ಬರೆದರು. ಅವರ ಮುಂದಿದ್ದದ್ದು ಸೈಟಿನ ಪ್ರಶ್ನೆ. ರಾಶಿಗಟ್ಟಲೆ ಮಣ್ಣು ಬಂದು ಬೀಳುತ್ತಿರುವಾಗ ಇದು ಸಾಕಷ್ಟು ಗಟ್ಟಿಯಾಯಿತೇ ಎಂದು ಹೇಳುವುದು ಹೇಗೆ? ಯಾವುದಕ್ಕೆ ಹೋಲಿಸಿ ಹೇಳುವುದು? ಅದಕ್ಕವರು ಲ್ಯಾಬಿನಲ್ಲಿ ಒಂದು ಅಳತೆಗೋಲು ಮಾಡಿಕೊಂಡರು. ಅದೇ ಮಣ್ಣನ್ನು ಬೇರೆಬೇರೆ ತೇವದಲ್ಲಿ, ಅಷ್ಟೇ ತೂಕದ ಗುದ್ದುಕೋಲಿನಿಂದ, ಅಷ್ಟೇ ಎತ್ತರದಿಂದ, ಅಷ್ಟೇ ಸಲ ಗುದ್ದಿ ನೋಡುವುದು. 90 ವರ್ಷ ದಾಟಿದರೂ ನಾವು ಇವತ್ತಿಗೂ ಅದನ್ನೇ ಮಾಡುತ್ತಿದ್ದೇವೆ.

ನಮ್ಮಲ್ಲಿ ಇದನ್ನು ಐಎಸ್ 2720 ಎಂಬ ಭಾರತೀಯ ಮಾನಕದ 7ನೇ ಮತ್ತು 8ನೇ ಭಾಗಗಳ ಪ್ರಕಾರ ಮಾಡುತ್ತೇವೆ. 7ನೆಯದು ಲೈಟ್ ಕಾಂಪ್ಯಾಕ್ಷನ್: 1000 ಸಿಸಿ ಅಚ್ಚು, 2.6 ಕೆಜಿ ಗುದ್ದುಕೋಲು, 310 ಮಿಮೀ ಎತ್ತರದಿಂದ ಬಿಡಬೇಕು, ಮೂರು ಪದರ, ಪದರಕ್ಕೆ 25 ಪೆಟ್ಟು. 8ನೆಯದು ಹೆವಿ: ಅದೇ ಅಚ್ಚಿಗೆ 4.9 ಕೆಜಿ ಗುದ್ದುಕೋಲು, 450 ಮಿಮೀ ಎತ್ತರ, ಐದು ಪದರ, ಪದರಕ್ಕೆ 25 ಪೆಟ್ಟು. ಲೆಕ್ಕ ಹಾಕಿ ನೋಡಿ, ಎರಡನೆಯದರಲ್ಲಿ ಮಣ್ಣಿಗೆ ಬೀಳುವ ಶಕ್ತಿ ಮೊದಲನೆಯದರ ನಾಲ್ಕೂವರೆ ಪಟ್ಟು. ಎರಡನೇ ಮಹಾಯುದ್ಧದ ಹೊತ್ತಿಗೆ ಭಾರದ ವಿಮಾನಗಳು ಇಳಿಯತೊಡಗಿ, ಹಳೆಯ ಅಳತೆಗೋಲು ಸಾಲದೆ ಅಮೆರಿಕದ ಸೇನೆಯ ಎಂಜಿನಿಯರುಗಳು ಈ ಹೆವಿ ಪರೀಕ್ಷೆಯನ್ನು ರೂಢಿಗೆ ತಂದರು.

ಇಲ್ಲಿ ವಿದ್ಯಾರ್ಥಿಗಳು ಒಂದು ವಿಷಯ ಗಮನಿಸಬೇಕು. ಶಕ್ತಿ ಹೆಚ್ಚಾದಂತೆ ಗುಡ್ಡದ ನೆತ್ತಿ ಮೇಲಕ್ಕೂ ಎಡಕ್ಕೂ ಸರಿಯುತ್ತದೆ. ಅಂದರೆ ಸಾಂದ್ರತೆ ಹೆಚ್ಚುತ್ತದೆ, ಹದದ ನೀರು ಕಡಿಮೆಯಾಗುತ್ತದೆ. ಉದಾಹರಣೆಗೆ ಒಂದು ಕೆಂಪು ಮಣ್ಣು ಲೈಟ್ ಪರೀಕ್ಷೆಯಲ್ಲಿ ಸಿಸಿಗೆ 1.80 ಗ್ರಾಂ, ಹೆವಿಯಲ್ಲಿ 1.93 ಗ್ರಾಂ ಕೊಟ್ಟಿತು ಎಂದುಕೊಳ್ಳಿ. ಹೆವಿಯ ಶೇ. 95 ಎಂದರೆ 1.83. ಅದು ಲೈಟ್ ಪರೀಕ್ಷೆಯ ಶೇ. 100ಕ್ಕಿಂತ ಜಾಸ್ತಿ! ಹಾಗಾಗಿ ಯಾರಾದರೂ "95 ಪರ್ಸೆಂಟ್ ಬಂದಿದೆ ಸಾರ್" ಎಂದರೆ "ಯಾವುದರ 95?" ಎಂದು ಕೇಳಿ. ಕೇಂದ್ರ ಸಾರಿಗೆ ಸಚಿವಾಲಯದ ನಿಯಮದಲ್ಲಿ ರಸ್ತೆಯ ಮಣ್ಣು ಏರಿಗೆ ಹೆವಿಯ ಶೇ. 95, ಡಾಂಬರು ಪದರಗಳ ಅಡಿಯಲ್ಲಿ ಬರುವ ಸಬ್‌ಗ್ರೇಡಿಗೆ ಶೇ. 97. ಸಣ್ಣ ಕಾಮಗಾರಿಗಳ ಕಡತಗಳಲ್ಲಿ ಈ "ಯಾವುದರ" ಎಂಬ ಒಂದು ಶಬ್ದ ಬಿಟ್ಟುಹೋಗಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಟೆಸ್ಟ್ ಮಾಡುವಾಗಿನ ಶ್ರದ್ಧೆಯ ಬಗ್ಗೆ ಎರಡು ಮಾತು. ಜೇಡಿ ಅಂಶ ಹೆಚ್ಚಿರುವ ಮಣ್ಣಿಗೆ ನೀರು ಕಲಸಿದ ತಕ್ಷಣ ಅಚ್ಚಿಗೆ ತುಂಬಬಾರದು. ಮುಚ್ಚಿಟ್ಟು ಒಂದು ರಾತ್ರಿ ಬಿಡಬೇಕು, ನೀರು ಹೆಂಟೆಯ ಒಳಗೆ ಇಳಿಯಬೇಕು. ಅಜ್ಜ ಕಣವನ್ನು ರಾತ್ರಿ ಬಿಡುತ್ತಿದ್ದದ್ದು ಇದಕ್ಕೇ. ಗುದ್ದಿದರೆ ಕಣಗಳು ಪುಡಿಯಾಗುವ ಮಣ್ಣಾದರೆ, ನಮ್ಮ ಕರಾವಳಿಯ ಜಂಬಿಟ್ಟಿಗೆ ಗರಸು ಹೀಗೆ, ಪ್ರತಿ ಚುಕ್ಕಿಗೂ ಹೊಸ ಮಣ್ಣು ತೆಗೆದುಕೊಳ್ಳಬೇಕು. ಗುದ್ದಿದ್ದನ್ನೇ ಒಡೆದು, ನೀರು ಸೇರಿಸಿ, ಮತ್ತೆ ಗುದ್ದುತ್ತ ಹೋದರೆ ಐದನೇ ಚುಕ್ಕಿಯ ಹೊತ್ತಿಗೆ ಅದು ನೀವು ಸೈಟಿನಿಂದ ತಂದ ಮಣ್ಣೇ ಆಗಿರುವುದಿಲ್ಲ.

ಆ ಗ್ರಾಫಿನ ಮೇಲೆ ಇನ್ನೊಂದು ಗೆರೆ ಎಳೆಯುವುದನ್ನು ಎಂದೂ ಮರೆಯಬೇಡಿ. ಅದು ಗಾಳಿ ಶೂನ್ಯದ ಗೆರೆ. ಮಣ್ಣಿನಲ್ಲಿರುವ ಗಾಳಿಯನ್ನೆಲ್ಲ ತೆಗೆದುಬಿಟ್ಟರೂ, ಇಷ್ಟು ನೀರು ಇದ್ದಾಗ ಇಷ್ಟಕ್ಕಿಂತ ಹೆಚ್ಚಿನ ಒಣ ಸಾಂದ್ರತೆ (ನೀರಿನ ತೂಕ ಬಿಟ್ಟು ಲೆಕ್ಕ ಹಾಕಿದ ಸಾಂದ್ರತೆ) ಸಾಧ್ಯವೇ ಇಲ್ಲ ಎಂದು ಹೇಳುವ ಗೆರೆ. ಕಣಗಳ ವಿಶಿಷ್ಟ ಗುರುತ್ವ, ಅಂದರೆ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬುದು, 2.65 ಇರುವ ಮಣ್ಣಿನಲ್ಲಿ ತೇವ ಶೇ. 16 ಇದ್ದರೆ, 0.16ನ್ನು 2.65ರಿಂದ ಗುಣಿಸಿ 1 ಕೂಡಿಸಿ, 1.424 ಆಯಿತು; 2.65ನ್ನು ಅದರಿಂದ ಭಾಗಿಸಿ. 1.86 ಬರುತ್ತದೆ. ಅಲ್ಲಿಗೆ ಮುಗಿಯಿತು, ಅದರ ಮೇಲೆ ಏನೂ ಇಲ್ಲ. ನಾನು ಹಿರಿಯನಾದ ಮೇಲೆ ಒಂದು ರಸ್ತೆ ಕಾಮಗಾರಿಯ ರಿಪೋರ್ಟುಗಳ ಕಟ್ಟು ನನ್ನ ಮೇಜಿಗೆ ಬಂತು. ಸಾಲುಸಾಲು ಟೆಸ್ಟ್, ಎಲ್ಲವೂ ಪಾಸ್. ಅದರಲ್ಲೊಂದು ಕಡೆ ಇಂಥದೇ ಮಣ್ಣಿಗೆ ತೇವ 16, ಒಣ ಸಾಂದ್ರತೆ 1.95 ಎಂದು ಬರೆದಿತ್ತು. ಪ್ರಕೃತಿಯಲ್ಲೇ ಇಲ್ಲದ ಮಣ್ಣು ಅದು. ಗುಂಡಿ ಅಗೆದು ಅಳೆದ ಅಂಕಿಯಾಗಿದ್ದರೆ ಅದು ಹಾಗೆ ಬರಲು ಸಾಧ್ಯವಿರಲಿಲ್ಲ. ಯಾರೋ ಕುರ್ಚಿಯಲ್ಲಿ ಕೂತು ಬರೆದಿದ್ದರು. ನನಗೆ ಆ ದಿನ ಆದ ನೋವನ್ನು ಈಗಲೂ ಹೇಳಲಾರೆ. ಆ ಏರಿಯ ಮೇಲೆ ಶಾಲೆ ಬಸ್ಸುಗಳು ಓಡಾಡಬೇಕಿತ್ತು.

ಈಗ ಸೈಟಿಗೆ ಹೋಗೋಣ. ಲ್ಯಾಬಿನ ಅಂಕಿ ಎರಡು, ಹದದ ತೇವ ಮತ್ತು ಗರಿಷ್ಠ ಒಣ ಸಾಂದ್ರತೆ. ಇವೆರಡನ್ನು ಜೇಬಿನಲ್ಲಿಟ್ಟುಕೊಂಡು ಸೈಟಿಗೆ ಹೋದರೆ ಮೊದಲು ನೋಡಬೇಕಾದ್ದು ಪದರದ ದಪ್ಪ. ರೋಲರಿನ ಒತ್ತಡ ಮೇಲ್ಗಡೆ ಹೆಚ್ಚು, ಆಳಕ್ಕೆ ಹೋದಂತೆ ಕಡಿಮೆ. ಅದಕ್ಕೇ ಸುಮಾರು 200 ಮಿಮೀ ದಪ್ಪದ ಪದರವೆಂಬ ಮಿತಿ. ಅರ್ಧ ಮೀಟರ್ ಮಣ್ಣು ಸುರಿದು ಮೇಲೆ ರೋಲರ್ ಓಡಿಸಿದರೆ ಮೇಲಿನ ಒಂದು ಗೇಣು ಕಲ್ಲಿನಂತಾಗುತ್ತದೆ, ಕೆಳಗೆ ಬೂದಿಯಂತೆ ಸಡಿಲ ಉಳಿಯುತ್ತದೆ. ಮೇಲಿನ ಒಂದು ಗೇಣಿನಲ್ಲಿ ಟೆಸ್ಟ್ ಮಾಡಿದರೆ ಪಾಸಾಗುತ್ತದೆ ಕೂಡ!

ಯಾವ ಮಣ್ಣಿಗೆ ಯಾವ ರೋಲರ್ ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಮರಳು, ಗರಸಿಗೆ ಕಂಪನ ಬೇಕು, ವೈಬ್ರೇಟರಿ ರೋಲರ್. ಜೇಡಿಗೆ ನಾದುವಿಕೆ ಬೇಕು, ಅದಕ್ಕೆ ಕುರಿಪಾದದಂಥ ಗೊರಸುಗಳಿರುವ ರೋಲರ್. ಗೊರಸು ಪದರದ ತಳಕ್ಕೆ ಇಳಿದು, ತಳದಿಂದ ಗಟ್ಟಿ ಮಾಡುತ್ತ, ಸುತ್ತು ಸುತ್ತಿದಂತೆ ತಾನೇ ಮೇಲಕ್ಕೆ ಬರುತ್ತದೆ. ಹಿಂದೆ ಕೆರೆ ಏರಿಗಳ ಮಣ್ಣನ್ನು ಎತ್ತು ಕೋಣಗಳಿಂದ ತುಳಿಸುತ್ತಿದ್ದುದರ ತತ್ವವೂ ಇದೇ. ವಿಜಯನಗರದ ಕಾಲದ, 1369ರ ಪೋರುಮಾಮಿಳ್ಳ ಶಾಸನವನ್ನು ಓದಿ. ಈಗ ಅದು ಕಡಪ ಜಿಲ್ಲೆಯಲ್ಲಿದೆ. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಗೆ ದಿನಕ್ಕೆ 1000 ಕೂಲಿಗಳು, 100 ಬಂಡಿಗಳು, ಎರಡು ವರ್ಷ ದುಡಿದ ಲೆಕ್ಕ ಅದರಲ್ಲಿದೆ. ಕೆರೆಗೆ ಇರಬಾರದ ಆರು ದೋಷಗಳನ್ನೂ ಅದು ಹೇಳುತ್ತದೆ. ಏರಿಯಿಂದ ನೀರು ಒಸರುವುದು ಅವುಗಳಲ್ಲೊಂದು, ಉಪ್ಪು ಮಣ್ಣು ಇನ್ನೊಂದು. ಏರಿ ಒಸರುವುದು ಮಣ್ಣು ಸರಿಯಾಗಿ ಕೂರದ ಕಡೆಯಲ್ಲೇ ಎಂಬುದು 600 ವರ್ಷದ ಮೇಲೂ ಬದಲಾಗಿಲ್ಲ. ಇವತ್ತು ಮಣ್ಣಿನ ಅಣೆಕಟ್ಟಿನ ನಡುವಿನ ಜೇಡಿಗೋಡೆಯನ್ನು ಹದಕ್ಕಿಂತ ಒಂದಿಷ್ಟು ಹೆಚ್ಚು ತೇವದಲ್ಲೇ ಗಟ್ಟಿ ಮಾಡುತ್ತಾರೆ. ಸಾಂದ್ರತೆ ಸ್ವಲ್ಪ ಕಡಿಮೆ ಬಂದರೂ ಜೇಡಿಯ ಚಪ್ಪಟೆ ಕಣಗಳು ಒಂದರ ಪಕ್ಕ ಒಂದು ಸಾಲಾಗಿ ಮಲಗಿ ನೀರಿನ ದಾರಿ ಮುಚ್ಚಿಹೋಗುತ್ತದೆ. ಗೋಡೆ ಬಿರುಕು ಬಿಡದೆ ಬಾಗುತ್ತದೆ.

ಇನ್ನು ಫೀಲ್ಡ್ ಟೆಸ್ಟ್. ಇದೋ ಮೇಜಿನ ಮೇಲಿರುವುದು ಮರಳು ಸುರಿಯುವ ಸಿಲಿಂಡರ್. ನಾನು ಅತಿ ಹೆಚ್ಚು ಹೊತ್ತು ತಿರುಗಿದ ಸಾಮಾನು ಇದು. ತತ್ವ ಮಗುವಿಗೂ ಅರ್ಥವಾಗುವಂಥದ್ದು. ಗಟ್ಟಿ ಮಾಡಿದ ನೆಲದಲ್ಲಿ ಒಂದು ಗುಂಡಿ ತೋಡಿ, ಅದರ ಮಣ್ಣನ್ನೆಲ್ಲ ಒಂದು ಹರಳೂ ಬಿಡದೆ ತೂಗಬೇಕು. ಗುಂಡಿಯ ಗಾತ್ರ ಗೊತ್ತಾಗಬೇಕಲ್ಲ? ಅದರ ಅಂಚು ಸೊಟ್ಟಗಿರುತ್ತದೆ, ಸ್ಕೇಲಿನಿಂದ ಅಳೆಯಲಾಗದು. ಅದಕ್ಕೆ ಸಾಂದ್ರತೆ ಮೊದಲೇ ಗೊತ್ತಿರುವ, 1 ಮಿಮೀ ಜರಡಿಯಲ್ಲಿ ಹಾದು 600 ಮೈಕ್ರಾನ್ ಜರಡಿಯಲ್ಲಿ ನಿಂತ ಒಣ ಮರಳನ್ನು ಗುಂಡಿಗೆ ತುಂಬಿಸಿ, ಎಷ್ಟು ಹಿಡಿಯಿತು ಎಂದು ನೋಡಿದರೆ ಗಾತ್ರ ಸಿಕ್ಕಿತು.

ಒಂದು ಲೆಕ್ಕ ಮಾಡಿಯೇ ಬಿಡೋಣ, ಎಲ್ಲರೂ ಫೋನ್ ತೆಗೆಯಿರಿ. ಗುಂಡಿಯಿಂದ ಬಂದ ಹಸಿ ಮಣ್ಣು 2400 ಗ್ರಾಂ. ಸಿಲಿಂಡರಿನ ಕೆಳಗಿನ ಕೋನಿನಲ್ಲಿ ಉಳಿಯುವ ಮರಳು ಕಳೆದು ಗುಂಡಿ ಹಿಡಿದ ಮರಳು 1760 ಗ್ರಾಂ, ಮರಳಿನ ಸಾಂದ್ರತೆ ಸಿಸಿಗೆ 1.46 ಗ್ರಾಂ. ಗುಂಡಿಯ ಗಾತ್ರ 1205 ಸಿಸಿ. ಹಸಿ ಸಾಂದ್ರತೆ 1.99. ತೇವಾಂಶ ಶೇ. 11 ಇದೆ ಎಂದುಕೊಳ್ಳಿ. 1.99ನ್ನು 1.11ರಿಂದ ಭಾಗಿಸಿದರೆ ಒಣ ಸಾಂದ್ರತೆ 1.79. ಲ್ಯಾಬಿನ ಗರಿಷ್ಠ 1.92 ಆಗಿದ್ದರೆ ಇದು ಅದರ ಶೇ. 93. ಏರಿಗೆ ಶೇ. 95 ಬೇಕು. ಫೇಲ್. ಮೇಸ್ತ್ರಿ ಬೇಜಾರು ಮಾಡಿಕೊಳ್ಳುತ್ತಾನೆ, "ಎರಡು ಪರ್ಸೆಂಟಿಗೆ ಏನಾಗುತ್ತೆ ಸಾರ್" ಎನ್ನುತ್ತಾನೆ. ಹೀಗೆ ನೋಡಿ: ಒಂದು ಮೀಟರ್ ಎತ್ತರದ ಏರಿಯಲ್ಲಿ ಎರಡು ಪರ್ಸೆಂಟ್ ಸಡಿಲ ಎಂದರೆ ಅದು ಪೂರ್ತಿ ಕೂತಾಗ 2 ಸೆಂಮೀ ಇಳಿಯುತ್ತದೆ. ಆರು ಮೀಟರ್ ಎತ್ತರದ ಸೇತುವೆ ಏರಿಯಲ್ಲಿ ಎಷ್ಟು ಎಂದು ನೀವೇ ಗುಣಿಸಿ. ಸೇತುವೆ ಕಂಬದ ಮೇಲೆ ನಿಂತಿದೆ, ಅದು ಇಳಿಯುವುದಿಲ್ಲ. ಏರಿ ಇಳಿಯುತ್ತದೆ. ಬಸ್ಸಿನಲ್ಲಿ ಹೋಗುವಾಗ ಸೇತುವೆಗೆ ಹತ್ತುವಲ್ಲಿ ಸೊಂಟಕ್ಕೆ ಬೀಳುವ ಪೆಟ್ಟಿಗೆ ಹೆಚ್ಚಾಗಿ ಕಾರಣ ಇದೇ. ಸೇತುವೆಯ ಗೋಡೆಗೆ ತಾಗಿದ ಜಾಗಕ್ಕೆ ದೊಡ್ಡ ರೋಲರ್ ಹೋಗಲಾರದು, ಅಲ್ಲಿ ಸಣ್ಣ ಪ್ಲೇಟ್ ಕಾಂಪ್ಯಾಕ್ಟರಿನಿಂದ ತೆಳು ಪದರದಲ್ಲಿ ಮಾಡಬೇಕು. ಕೆಲಸ ನಿಧಾನ, ಹಾಗಾಗಿ ಬಿಟ್ಟುಬಿಡುತ್ತಾರೆ.

ಈ ಮರಳಿನ ಟೆಸ್ಟಿನಲ್ಲಿ ನನ್ನ ಕೈಯಿಂದಲೇ ಆದ ತಪ್ಪೊಂದನ್ನು ಹೇಳಬೇಕು, ನೀವು ಮಾಡಬಾರದು ಎಂದು. ಕೆಲಸಕ್ಕೆ ಸೇರಿದ ಹೊಸತು. ಒಂದು ಸೈಟಿನಲ್ಲಿ ಬೆಳಿಗ್ಗೆಯಿಂದ ಆರು ಗುಂಡಿ ತೋಡಿದೆ, ಆರೂ ಫೇಲ್. ಮಣ್ಣು ನೋಡಿದರೆ ಗಟ್ಟಿಯಾಗಿದೆ, ತೇವ ಹದದಲ್ಲಿದೆ. ಫೇಲ್ ಎಂದು ಬರೆದುಕೊಟ್ಟೆ, ಅವರು ಇಡೀ ಪದರ ಕೆದರಿ ಮತ್ತೆ ಮಾಡಿದರು. ಮತ್ತೆ ಫೇಲ್. ಸಂಜೆ ಒಬ್ಬ ಹಿರಿಯ ಟೆಕ್ನಿಷಿಯನ್ ಬಂದು ಸುತ್ತ ನೋಡಿದವರೇ ಪಕ್ಕದ ಲೇನಿನಲ್ಲಿ ಓಡುತ್ತಿದ್ದ ವೈಬ್ರೇಟರಿ ರೋಲರ್ ನಿಲ್ಲಿಸಲು ಹೇಳಿದರು. ಅದೇ ಜಾಗದಲ್ಲಿ ಏಳನೇ ಗುಂಡಿ ಪಾಸಾಯಿತು. ನೆಲದ ಕಂಪನಕ್ಕೆ ಗುಂಡಿಯೊಳಗಿನ ಮರಳು ಒತ್ತಾಗಿ ಕೂತು, ಹೆಚ್ಚು ಮರಳು ಹಿಡಿದು, ಗುಂಡಿ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ಆ ದಿನ ನನ್ನಿಂದ ಅವರಿಗೆ ಒಂದು ಇಡೀ ದಿನದ ಕೂಲಿ, ಡೀಸೆಲ್ ನಷ್ಟ. ಅಂದಿನಿಂದ ರೋಲರ್ ನಿಂತಿರದೆ ಸಿಲಿಂಡರಿನ ಶಟರ್ ತೆರೆದಿಲ್ಲ.

ಕೋರ್ ಕಟರ್ ಇದಕ್ಕಿಂತ ಸರಳ. ಸುಮಾರು ಒಂದು ಲೀಟರಿನ ಉಕ್ಕಿನ ಕೊಳವೆಯನ್ನು ನೆಲಕ್ಕೆ ಹೊಡೆದು, ಮಣ್ಣು ಸಮೇತ ತೆಗೆದು, ಎರಡೂ ಅಂಚು ಸವರಿ ತೂಗುವುದು. ಕಲ್ಲುಹರಳಿಲ್ಲದ ಮೆತ್ತನೆ ಮಣ್ಣಿಗೆ ಮಾತ್ರ. ಹರಳಿರುವಲ್ಲಿ ಹೊಡೆದರೆ ಕಟರಿನ ಬಾಯಿ ಹರಳನ್ನು ತಳ್ಳುತ್ತ ಮಣ್ಣನ್ನೇ ಕದಡುತ್ತದೆ. ನ್ಯೂಕ್ಲಿಯರ್ ಗೇಜ್ ಎಂಬುದೂ ಇದೆ, ಸೀಸಿಯಂನ ಗಾಮಾ ಕಿರಣದಿಂದ ಸಾಂದ್ರತೆ, ನ್ಯೂಟ್ರಾನಿನಿಂದ ತೇವ, ನಿಮಿಷಗಳಲ್ಲಿ ಉತ್ತರ. ವಿಕಿರಣದ ವಸ್ತುವಾದ್ದರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳು ಅನ್ವಯಿಸುತ್ತವೆ, ತರಬೇತಿ ಪಡೆದವರೇ ಹಿಡಿಯಬೇಕು.

ತೇವಾಂಶ ತೆಗೆಯುವುದರಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಓವನ್ನಿನಲ್ಲಿ 105ರಿಂದ 110 ಡಿಗ್ರಿಯಲ್ಲಿ 24 ಗಂಟೆ ಒಣಗಿಸುವುದು ನಿಜವಾದ ಅಳತೆ. ಸೈಟಿನಲ್ಲಿ ಅಷ್ಟು ಹೊತ್ತು ಯಾರೂ ಕಾಯುವುದಿಲ್ಲವೆಂದು ಕ್ಯಾಲ್ಸಿಯಂ ಕಾರ್ಬೈಡಿನ ರ‍್ಯಾಪಿಡ್ ಮಾಯಿಶ್ಚರ್ ಮೀಟರ್ ಬಳಸುತ್ತಾರೆ. ಕಾರ್ಬೈಡು ಮಣ್ಣಿನ ನೀರಿನೊಡನೆ ಸೇರಿ ಅಸಿಟಿಲಿನ್ ಅನಿಲ ಬಿಡುತ್ತದೆ, ಅದರ ಒತ್ತಡವೇ ಮುಳ್ಳನ್ನು ತಿರುಗಿಸುತ್ತದೆ. ಆ ಮುಳ್ಳು ತೋರಿಸುವುದು ಹಸಿ ಮಣ್ಣಿನ ತೂಕದ ಶೇಕಡಾವಾರು. ನಮಗೆ ಬೇಕಾದ್ದು ಒಣ ಮಣ್ಣಿನ ತೂಕದ ಶೇಕಡಾವಾರು. ಮುಳ್ಳು 10 ತೋರಿಸಿದರೆ ನಿಜವಾದ ತೇವ 10ನ್ನು 90ರಿಂದ ಭಾಗಿಸಿ, ಅಂದರೆ 11.1. ಈ ಪರಿವರ್ತನೆ ಮರೆತರೆ ಒಣ ಸಾಂದ್ರತೆ ಒಂದು ಪರ್ಸೆಂಟ್ ಹೆಚ್ಚು ಬರುತ್ತದೆ, ಫೇಲಾದದ್ದು ಪಾಸಾಗುತ್ತದೆ.

ಶೇ. 104, 106 ಬಂದರೆ ಸಂಭ್ರಮಪಡುವವರನ್ನೂ ನೋಡಿದ್ದೇನೆ. ಅಲ್ಲಿ ಅನುಮಾನ ಪಡಬೇಕು. ಹೆಚ್ಚಿನ ಸಲ ಮಣ್ಣು ತರುವ ಬಾರೋ ಗುಂಡಿಯೇ ಬದಲಾಗಿರುತ್ತದೆ. ನೀವು ಕೆಂಪು ಮಣ್ಣಿನ ಲ್ಯಾಬ್ ಅಂಕಿ ಹಿಡಿದು ಗರಸನ್ನು ಅಳೆಯುತ್ತಿರುತ್ತೀರಿ. ಅಥವಾ ಗುಂಡಿಯಲ್ಲಿ ಒಂದು ದೊಡ್ಡ ಕಲ್ಲು ಸಿಕ್ಕಿರುತ್ತದೆ. ಮಣ್ಣಿನ ಬಣ್ಣ ಬದಲಾದ ದಿನವೇ ಒಂದು ಚೀಲ ಲ್ಯಾಬಿಗೆ ಹೋಗಬೇಕು.

ಇಷ್ಟು ಹೊತ್ತು "ಹೆಚ್ಚು ಗಟ್ಟಿ, ಹೆಚ್ಚು ಒಳ್ಳೆಯದು" ಎಂಬ ಹಾಗೆ ಮಾತಾಡಿದೆ. ಉತ್ತರ ಕರ್ನಾಟಕದಿಂದ ಬಂದವನಾಗಿ ನಾನು ಈಗ ಅದನ್ನೇ ತಿದ್ದಬೇಕು. ಧಾರವಾಡ, ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕಾಲು ಹೋಗುವಷ್ಟು ಬಿರಿಯುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿಯ ಗುಣ ಅದು. ಈ ಮಣ್ಣನ್ನು ಒಣಗಿದ್ದಾಗ ಬಲವಾಗಿ ಗುದ್ದಿ ಗುದ್ದಿ ಗಟ್ಟಿ ಮಾಡಿದಿರಿ ಎಂದುಕೊಳ್ಳಿ, ಟೆಸ್ಟ್ ಅಮೋಘವಾಗಿ ಬರುತ್ತದೆ. ಮಳೆ ಬಂದಾಗ ಅದೇ ಅತಿ ಹೆಚ್ಚು ಉಬ್ಬುತ್ತದೆ. ಒತ್ತೊತ್ತಾಗಿ ಕೂತ, ಬಾಯಾರಿದ ಜೇಡಿ ಸಿಕ್ಕ ನೀರನ್ನೆಲ್ಲ ಎಳೆದುಕೊಂಡು ಮೇಲಿದ್ದ ನೆಲಹಾಸನ್ನು ಎತ್ತುತ್ತದೆ. ಅದಕ್ಕೇ ಎರೆಮಣ್ಣಿಗೆ ನಿಯಮವೇ ಬೇರೆ. ಸಬ್‌ಗ್ರೇಡಿನಲ್ಲೂ ಅದರ ಕೆಳಗಿನ ಅರ್ಧ ಮೀಟರಿನಲ್ಲೂ ಅದನ್ನು ಹಾಕುವಂತೆಯೇ ಇಲ್ಲ. ಕೆಳಗಿನ ಏರಿಯಲ್ಲಿ ಹಾಕಿದರೆ ಹದಕ್ಕಿಂತ ಕೊಂಚ ಹೆಚ್ಚು ತೇವದಲ್ಲಿ, ಶೇ. 90 ಸಾಂದ್ರತೆ ಸಾಕು. ಮಲಪ್ರಭಾ ಕಾಲುವೆಗಳು ಎರೆಭೂಮಿಯಲ್ಲಿ ಹಾದುಹೋಗುವಾಗ ಕಾಂಕ್ರೀಟ್ ಹಲಗೆಗಳು ಎದ್ದುಬರುವ ಸಮಸ್ಯೆಗೆ ಬಾಂಬೆ ಐಐಟಿಯ ಪ್ರೊ. ಆರ್. ಕೆ. ಕಟ್ಟಿಯವರು ರೂಪಿಸಿದ ದಾರಿಯನ್ನು ಬಳಸಿದರು: ಎರೆಮಣ್ಣಿಗೂ ಕಾಂಕ್ರೀಟಿಗೂ ನಡುವೆ ಉಬ್ಬದ, ಆದರೆ ಅಂಟುಗುಣವಿರುವ ಮಣ್ಣಿನ ದಪ್ಪ ಪದರ. ಅಲ್ಲಿ ಮರಳು ಹಾಕಿದರೆ ಸಾಲದು, ಅಂಟು ಬೇಕು ಎಂಬುದು ಅವರ ಸಂಶೋಧನೆಯ ತಿರುಳು.

ಕರಾವಳಿಯ ಜಂಬಿಟ್ಟಿಗೆಯ ಕೆಳಗೆ ಸಿಗುವ ಶೇಡಿ ಮಣ್ಣು ಇನ್ನೊಂದು ಬಗೆ. ಒಣಗಿದ್ದಾಗ ಗೋಡೆಯ ಹಾಗೆ ನಿಲ್ಲುತ್ತದೆ, ನೀರು ನುಗ್ಗಿತೋ ಬಲ ಪೂರ್ತಿ ಕಳೆದುಕೊಂಡು ಹರಿಯುತ್ತದೆ. ಆದ್ದರಿಂದ ರಸ್ತೆ ಮಣ್ಣಿಗೆ ಸಾಂದ್ರತೆಯ ಜೊತೆ ಸಿಬಿಆರ್ (ಕ್ಯಾಲಿಫೋರ್ನಿಯಾ ಬೇರಿಂಗ್ ರೇಶಿಯೊ) ಎಂಬ ಬಲ ಪರೀಕ್ಷೆಯನ್ನೂ ಮಾಡುವುದು. ಅಚ್ಚಿನಲ್ಲಿ ಗಟ್ಟಿ ಮಾಡಿದ ಮಣ್ಣನ್ನು ನಾಲ್ಕು ದಿನ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ 50 ಮಿಮೀ ವ್ಯಾಸದ ಕೋಲನ್ನು ನಿಧಾನ ಒತ್ತಿ, 2.5 ಮಿಮೀ ಇಳಿಯಲು ಎಷ್ಟು ಭಾರ ಬೇಕಾಯಿತು ಎಂದು ನೋಡುವುದು. ಮುಳುಗಿಸದೆ ಮಾಡಿದ ಸಿಬಿಆರ್ ಅಂಕಿಯನ್ನು ನಮ್ಮ ಮಳೆಗಾಲದ ನಾಡಿನಲ್ಲಿ ನಂಬಿ ರಸ್ತೆಯ ದಪ್ಪ ನಿರ್ಧರಿಸಬೇಡಿ.

ಮನೆ ಕಟ್ಟಿಸುತ್ತಿರುವವರು ಇಲ್ಲಿದ್ದೀರಿ. ನಿಮಗೆ ಬೇಕಾದ್ದು ಪಾಯದೊಳಗಿನ ಭರ್ತಿ. ಮೂರಡಿ ಮಣ್ಣನ್ನು ಒಂದೇ ಸಲ ಸುರಿದು, ಪೈಪಿನಿಂದ ನೀರು ಬಿಟ್ಟು ಕೆರೆ ಮಾಡಿ, "ಎರಡು ದಿನದಲ್ಲಿ ಕೂರುತ್ತೆ" ಎನ್ನುವುದು ಊರೂರಲ್ಲೂ ನಡೆಯುತ್ತದೆ. ಮರಳಿಗೆ ಇದು ಒಂದು ಮಟ್ಟಿಗೆ ನಡೆದೀತು. ಕೆಂಪು ಮಣ್ಣಿಗೆ ನಡೆಯದು. ಎರಡು ವರ್ಷದ ಮೇಲೆ ಸ್ಕರ್ಟಿಂಗ್ ಟೈಲ್ಸಿಗೂ ನೆಲಕ್ಕೂ ನಡುವೆ ಬೆರಳು ಹೋಗುವಷ್ಟು ಸಂದಿ ಕಂಡರೆ ಅದು ಆ ಎರಡು ದಿನದ ಲೆಕ್ಕ. ಒಂದೊಂದು ಗೇಣಿಗಿಂತ ಕಡಿಮೆ ಪದರ, ಹದದ ನೀರು, ಪ್ಲೇಟ್ ಕಾಂಪ್ಯಾಕ್ಟರ್ ಅಥವಾ ಮೂಲೆಗಳಲ್ಲಿ ಕೈಗುದ್ದು. ಎರೆಮಣ್ಣನ್ನು ಪಾಯದೊಳಗೆ ಬಿಟ್ಟುಕೊಳ್ಳಲೇಬೇಡಿ, ಪಕ್ಕದಲ್ಲೇ ಪುಕ್ಕಟೆ ಸಿಗುತ್ತದೆ ಎಂದರೂ.

ಕೊನೆಗೆ ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನಿಂದ ಒಬ್ಬ ತಾಯಿ ಕೇಳಿದ ಪ್ರಶ್ನೆಯನ್ನು ಇಲ್ಲಿ ಸೇರಿಸುತ್ತೇನೆ. ಅವರ ಮನೆಯ ಮುಂದೆ ನೀರಿನ ಪೈಪಿಗೆ ಅಗೆದ ರಸ್ತೆ ಪ್ರತಿ ಮಳೆಗೂ ಅದೇ ಗೆರೆಯಲ್ಲಿ ಕುಸಿಯುತ್ತದೆ, ಪ್ರತಿ ಸಲ ಮೇಲೆ ಜಲ್ಲಿ ಹಾಕಿ ಹೋಗುತ್ತಾರೆ, ಯಾಕೆ ನಿಲ್ಲುವುದಿಲ್ಲ? ನಾನು ಹೇಳಿದ್ದು ಇಷ್ಟು. ಕುಸಿಯುತ್ತಿರುವುದು ಮೇಲಿನ ಜಲ್ಲಿ ಅಲ್ಲ, ಕೆಳಗಿನ ಪೈಪಿನ ಅಕ್ಕಪಕ್ಕದ ಮಣ್ಣು. ಕಿರಿದಾದ ಕಾಲುವೆಯಲ್ಲಿ ಮಣ್ಣು ಒಮ್ಮೆಲೇ ತುಂಬಿ ಮೇಲಿನಿಂದ ಜೆಸಿಬಿ ಬಕೆಟ್ಟಿನಲ್ಲಿ ತಟ್ಟಿದರೆ ಪೈಪಿನ ಪಕ್ಕೆಗಳಲ್ಲಿ ಪೊಳ್ಳು ಉಳಿಯುತ್ತದೆ, ಮಳೆನೀರು ಅದನ್ನೇ ಹುಡುಕಿಕೊಂಡು ಇಳಿಯುತ್ತದೆ. ಮತ್ತೊಮ್ಮೆ ದುರಸ್ತಿಗೆ ಬಂದಾಗ ಪೈಪಿನವರೆಗೆ ಅಗೆಸಿ. ಪೈಪಿನ ಎರಡೂ ಪಕ್ಕಕ್ಕೆ ಮರಳು ತುಂಬಿ ಕೈಗುದ್ದಿನಿಂದ ಕೂರಿಸಲಿ, ಅಲ್ಲಿಂದ ಮೇಲೆ ಒಂದೊಂದು ಗೇಣಿನ ಪದರ. ನೀವು ಅಲ್ಲೇ ನಿಂತು, ಪ್ರತಿ ಪದರದ ಒಂದು ಹಿಡಿ ಮಣ್ಣು ಎತ್ತಿ ಹಿಸುಕಿ ನೋಡಿ. ಉಂಡೆಯನ್ನು ಸೊಂಟದೆತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ಪುಡಿಯಾದರೆ ನೀರು ಕಡಿಮೆ, ಚಪ್ಪಟೆಯಾಗಿ ಅಂಟಿಕೊಂಡರೆ ಹೆಚ್ಚು, ಎರಡು ಮೂರು ಹೋಳಾದರೆ ಗುದ್ದಲು ಹೇಳಿ.